ಪಾಶಾ ಬಂದ ದಿನ

ಬಾಗಿಲು ತೆಗೆದವಳೇ ನೂವಾರಾ ಎರಡೂ ಕೈ ಚಾಚಿದಳು. ಮೈದುನ ಸ್ಮಾಯಿಲ್ ಆ ಕೈಗಳ ಮೇಲೆ ಬಿಳಿ ಬಟ್ಟೆ ಹೊದಿಸಿದ ಒಂದು ಪಂಜರವನ್ನಿಟ್ಟ. ತೀರಾ ಹಗುರ. ಬಟ್ಟೆಯೊಳಗೆ ಏನೋ ಒಮ್ಮೆ ಪಟಪಟನೆ ಬಡಿದುಕೊಂಡು ಸುಮ್ಮನಾಯಿತು.

“ಮಗು ಕೆಳಗೆ ಕಾರಲ್ಲಿದೆಯಾ?” ಎಂದಳು.

ಸ್ಮಾಯಿಲ್ ಅವಳ ತಲೆಯ ಮೇಲಿಂದ ಅಣ್ಣನನ್ನು ನೋಡಿದ. ಒಳಗೆ ರಾಬಹ್ ನೆಲದ ಮೇಲೆ ಕೂತು ಮಗುವಿನ ಪುಟ್ಟ ಮಂಚದ ಕೊನೆಯ ಕಾಲನ್ನು ಜೋಡಿಸುತ್ತಿದ್ದ. ಸ್ಕ್ರೂಡ್ರೈವರ್ ಹಿಡಿದೇ ಎದ್ದು ನಿಂತು, ಒಳಗೆ ಬಾ, ಬಾಗಿಲಲ್ಲಿ ಗಾಳಿ ಜಾಸ್ತಿ ಎಂದ. ತಮ್ಮನಿಗೆ ಹೇಳಿದನೋ ಪಂಜರದೊಳಗಿನದಕ್ಕೆ ಹೇಳಿದನೋ ತಿಳಿಯುವಂತಿರಲಿಲ್ಲ.

ಮಾತು ಕೊಟ್ಟವಳು ಸ್ಮಾಯಿಲನ ಹೆಂಡತಿ ವರ್ದಿಯಾ. ಈದ್ ಊಟದ ನಡುವೆ, ಅತ್ತೆಯ ಎದುರಿಗೇ, ತನ್ನ ಹೊಟ್ಟೆಯ ಮೇಲೆ ನೂವಾರಾಳ ಕೈಯಿಟ್ಟುಕೊಂಡು, ಗಂಡೋ ಹೆಣ್ಣೋ ಇದು ನಿನ್ನದು ಎಂದಿದ್ದಳು. ಮಕ್ಕಳಿಲ್ಲದ ಅಣ್ಣನಿಗೆ ತಮ್ಮ ಒಂದನ್ನು ಕೊಡುವುದು ಆ ಮನೆತನದಲ್ಲಿ ಹೊಸದಲ್ಲ. ಮಾರನೆಯ ದಿನವೇ ನೂವಾರಾ ಡಾಕ್ಟರ ಹತ್ತಿರ ಹೋಗಿ ಹಾಲು ಬರಿಸುವ ಮಾತ್ರೆ ಬರೆಸಿಕೊಂಡಳು. ಹುಟ್ಟುವುದು ಗಂಡಾದರೆ, ಅವಳ ಎದೆಹಾಲು ಕುಡಿಯದ ಹೊರತು ಮೀಸೆ ಮೂಡಿದ ದಿನದಿಂದ ಅವನು ಅವಳಿಗೆ ಪರಪುರುಷ. ಅವನೆದುರು ತಲೆಗೆ ಬಟ್ಟೆ ಎಳೆದುಕೊಳ್ಳಬೇಕು. ಹುಟ್ಟಿದ್ದು ಹೆಣ್ಣು. ಆ ಕಟ್ಟಳೆ ಇನ್ನು ಬೇಕಿರಲಿಲ್ಲ. ಆದರೂ ಅವಳು ಮಾತ್ರೆ ನಿಲ್ಲಿಸಲಿಲ್ಲ. ಮೊನ್ನೆ ಬೆಳಿಗ್ಗೆ ಹಾಲು ಬಂದಿತ್ತು. ಗಂಡನಿಗೂ ಹೇಳಿರಲಿಲ್ಲ, ಮಗು ಬಾಯಿ ಹಾಕಿದಾಗ ನೋಡಲಿ ಎಂದುಕೊಂಡಿದ್ದಳು.

ಸ್ಮಾಯಿಲ್ ಕೂತ. ಕಾಫಿ ಬೇಡವೆಂದ. ಆಮೇಲೆ ಎಲ್ಲವನ್ನೂ ತನ್ನ ಬೂಟುಗಳಿಗೆ ಹೇಳತೊಡಗಿದ. ನಿನ್ನೆ ಏಳನೆಯ ದಿನದ ಶಾಸ್ತ್ರ ಮುಗಿಯಿತು. ಇವತ್ತು ಬೆಳಿಗ್ಗೆ ವರ್ದಿಯಾಳೇ ಮಗುವಿಗೆ ಸ್ನಾನ ಮಾಡಿಸಿದಳು, ಹೊಸ ಬಟ್ಟೆ ತೊಡಿಸಿದಳು, ಆಮೇಲೆ ಕೋಣೆಯ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ಮೂರು ಗಂಡಾದ ಮೇಲಿನ ಹೆಣ್ಣು. ಇನ್ನೊಂದು ಗಂಡಾಗಿದ್ದರೆ ನಗುನಗುತ್ತ ಕೊಡುತ್ತಿದ್ದೆ ಎಂದು ಅತ್ತಳು. ಅಮ್ಮನೂ ಅವಳ ಕಡೆಯೇ ಸೇರಿದ್ದಾಳೆ. ಹೆರುವ ಮುಂಚೆ ಆಡಿದ ಮಾತು ಮಾತಲ್ಲ ಅಂತಾಳೆ.

“ಹೆಸರು ಮಾತ್ರ ನೀವು ಹೇಳಿದ್ದನ್ನೇ ಇಟ್ಟಿದ್ದೀವಿ ಅತ್ತಿಗೆ. ತಸಾದಿತ್ ಅಂತಲೇ.”

“ಅದನ್ನೂ ಇಟ್ಕೊಂಡ್ರಾ?” ಎಂದಳು ನೂವಾರಾ.

ಅವಳ ಮಡಿಲಲ್ಲಿದ್ದ ಪಂಜರವನ್ನು ಸ್ಮಾಯಿಲ್ ಮೆಲ್ಲಗೆ ಎತ್ತಿ ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದ. ಕೆಂಪು ಮುಖದ, ರೆಕ್ಕೆಯಲ್ಲಿ ಹಳದಿ ಪಟ್ಟಿಯ ಮಕ್ನೀನ್ ಎಂಬ ಹಾಡುಹಕ್ಕಿ. ಪಾಶಾ. ಸ್ಮಾಯಿಲನ ಮನೆಯಿರುವ ಆಲ್ಜಿಯರ್ಸಿನ ಗುಡ್ಡದ ಬೀದಿಗಳಲ್ಲಿ ಅದರ ಹಾಡು ಕೇಳದ ಗಂಡಸರಿಲ್ಲ. ಯಾರೋ ಅದಕ್ಕೆ ತನ್ನ ಮೋಟಾರ್‌ಬೈಕ್ ಬದಲಿ ಕೊಡುತ್ತೇನೆಂದಾಗ ಸ್ಮಾಯಿಲ್ ಆತನೊಡನೆ ಮಾತು ಬಿಟ್ಟಿದ್ದ. ಸ್ಮಾಯಿಲನ ಕಿಡ್ನಿ ಬೇಕಾದರೆ ಕೇಳಿ, ಹಕ್ಕಿ ಕೇಳಬೇಡಿ ಎಂದು ಕಾಫಿ ಅಂಗಡಿಯಲ್ಲಿ ನಗುತ್ತಿದ್ದರು. ರಾಬಹನಂತೂ ತನ್ನ ಎಳೆಯ ಹಕ್ಕಿಗಳನ್ನು ವರ್ಷಗಳಿಂದ ಸಂಜೆಸಂಜೆ ಹೊತ್ತೊಯ್ದು ತಮ್ಮನ ಬಾಲ್ಕನಿಯಲ್ಲಿ ತೂಗುಹಾಕುತ್ತಿದ್ದ, ಪಾಶಾನ ಬಾಯಿಂದ ಕಲಿಯಲಿ ಎಂದು. ಒಂದು ಹಕ್ಕಿ ಅರ್ಧ ಹಾಡು ಕಲಿತಿತ್ತು. ಗರಿ ಉದುರುವ ಕಾಲ ಬಂದಾಗ ಅದನ್ನೂ ಮರೆತಿತ್ತು.

“ನನ್ನ ಹತ್ರ ಇದಕ್ಕಿಂತ ದೊಡ್ಡದು ಇಲ್ಲ ಅಣ್ಣ,” ಎಂದ ಸ್ಮಾಯಿಲ್. “ಇದ್ದಿದ್ರೆ ಅದನ್ನೇ ತರ್ತಿದ್ದೆ.”

ಸುಳ್ಳಲ್ಲ ಎಂದು ಮೂವರಿಗೂ ಗೊತ್ತಿತ್ತು.

ರಾಬಹ್ ಸ್ಕ್ರೂಡ್ರೈವರನ್ನು ಮಂಚದೊಳಗಿನ ಹಾಸಿಗೆಯ ಮೇಲೆ ಹಾಕಿದ. ಪಂಜರವನ್ನು ಕಿಟಕಿಯ ಗಾಳಿಯಿಂದ ಈಚೆಗೆ ತಿರುಗಿಸಿದ, ನೀರಿನ ಬಟ್ಟಲಲ್ಲಿ ಬೆರಳದ್ದಿ ನೋಡಿದ. ಹಕ್ಕಿ ಒಂದು ಕಣ್ಣಿನಿಂದ ಅವನನ್ನು ಅಳೆಯಿತು. ಅವನ ಮುಖ ತನಗೇ ಗೊತ್ತಾಗದಂತೆ ಸಡಿಲವಾಗುತ್ತಿದ್ದುದನ್ನು ನೂವಾರಾ ನೋಡಿದಳು. ಈ ಮುಖವನ್ನು ಇವತ್ತು ನೋಡಬೇಕೆಂದೇ ಅವಳು ಕಾದಿದ್ದಳು. ಅವನು ಮಗುವಿನ ಮೇಲೆ ಬಾಗುವಾಗ. ಅವನು ಹೆಂಡತಿಯ ಕಡೆ ತಿರುಗಲಿಲ್ಲ. ತಿರುಗಿದ್ದರೆ ಇಟ್ಟುಕೊಳ್ಳಲೇ ಎಂದು ಕೇಳಿದ ಹಾಗಾಗುತ್ತಿತ್ತು. ಬೆರಳು ಪಂಜರದ ಕೊಂಡಿಯ ಮೇಲೆಯೇ ಇತ್ತು.

“ಅತ್ತಿಗೆ, ನೀವೊಂದು ಹೂಂ ಅನ್ನಿ,” ಎಂದ ಸ್ಮಾಯಿಲ್. “ನೀವು ಅನ್ನದೆ ಅಣ್ಣ ತಗೊಳ್ಳಲ್ಲ. ಅಣ್ಣ ತಗೊಳ್ಳದೆ ನಾನು ಆ ಮೆಟ್ಟಿಲು ಇಳಿಯೋದು ಹೇಗೆ?”

“ಬೇಡ,” ಎಂದಳು ನೂವಾರಾ. “ತಗೊಂಡು ಹೋಗು. ಇದನ್ನ ಇಟ್ಕೊಂಡ್ರೆ ಅವಳನ್ನ ನಾವೇ ನಿಮಗೆ ಕೊಟ್ಟ ಹಾಗಾಗುತ್ತೆ. ನಾನು ಕೊಟ್ಟಿಲ್ಲ.”