ಬಾವಿಯೊಳಗಿನ ನಾಮಾವಳಿ

ಊರವರು ಹೂವಿನ ಕಿರೀಟ ತೊಟ್ಟು ಬಾವಿಗೆ ಹಾರುವ ಸಾಂಜಾಂವ್ ಹಬ್ಬದ ಮಧ್ಯಾಹ್ನ ಕಿತೇರಿಯಾ ಮಾಯ್‌ಳ ಬಾವಿಗೆ ಮೂವತ್ತು ಜನ ಹಾರಿದರು. ಇಪ್ಪತ್ತೆಂಟು ಜನ ಏಣಿ ಹತ್ತಿ ಮೇಲೆ ಬಂದು, ಫೆನಿ ಕುಡಿದು, ಹಲಸಿನ ತೊಳೆ ತಿಂದು ಮುಗಿಸಿದರೂ ಬೊಸ್ತಿಯಾಂವ್ ಮತ್ತು ಇಸ್ತೆಂವ್ ಮಾತ್ರ ಮೇಲೆ ಬರಲಿಲ್ಲ. ತಲೆಯ ಮೇಲೆ ಹೂವಿನ ಕಿರೀಟ, ಎದೆಮಟ್ಟ ನೀರು, ಬಾವಿಯ ಒಳಗಟ್ಟೆಯ ಆ ತುದಿಯಲ್ಲೊಬ್ಬ, ಈ ತುದಿಯಲ್ಲೊಬ್ಬ. ಮೊದಲು ಏಣಿ ಹತ್ತಿದವನು ಸಂಜೆ ಕೆಳದನಿ ಹಾಡಬೇಕು ಎಂದು ನೀರಿನಲ್ಲೇ ಪಂಥವಾಗಿತ್ತು.

ಸಂಜೆ ಶಿಲುಬೆಗಟ್ಟೆಯ ಮುಂದೆ ದೇವಮಾತೆಯ ಹೆಸರುಗಳ ನಾಮಾವಳಿ, ಪ್ರತಿ ಹೆಸರಿಗೂ ಊರಿನವರ ಉತ್ತರ. ಅದಕ್ಕೆ ಇಬ್ಬರು ಬೇಕು, ಮೇಲ್ದನಿಗೊಬ್ಬ, ಕೆಳದನಿಗೊಬ್ಬ. ಎರಡು ವರ್ಷದಿಂದ ಇಬ್ಬರೂ ಮೇಲ್ದನಿಯನ್ನೇ ಹಿಡಿದು, ಒಬ್ಬನಿಗಿಂತ ಒಬ್ಬ ಏರಿ ಏರಿ, ಕಡೆಗೆ ವಾಡೆಯ ಬೀದಿನಾಯಿಗಳೂ ಜೊತೆಗೂಡುತ್ತಿದ್ದವು. ಬೊಸ್ತಿಯಾಂವನ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ಇದೇ ಇಸ್ತೆಂವ್. ಆ ನಂಟಿನಿಂದ ಒಬ್ಬರನ್ನೊಬ್ಬರು ‘ಕುಂಪಾರ್’ ಎಂದು ಕರೆದುಕೊಳ್ಳಬೇಕಾದವರು ಈಗ ‘ಏಯ್’ ಎನ್ನುತ್ತಿದ್ದರು.

ಕಿತೇರಿಯಾ ಮಾಯ್ ಬಗ್ಗಿ ನೋಡಿದಳು. “ಇವತ್ತು ಯಾರ ಹಬ್ಬ ಅಂತ ನೆನಪಿದೆಯೇನ್ರೋ? ತನಗಿಂತ ದೊಡ್ಡವನು ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಸಂತನದ್ದು.”

“ಅದನ್ನೇ ಇವನಿಗೆ ಹೇಳಿ, ಮಾಯ್. ಸರೀಲಿ,” ಎಂದ ಬೊಸ್ತಿಯಾಂವ್.

“ದೊಡ್ಡವನು ಬರಲಿ, ಸರೀತೀನಿ,” ಎಂದ ಇಸ್ತೆಂವ್.

“ನೆನೀರಿ ಹಾಗಾದ್ರೆ. ಒಲೆ ಮೇಲಿರೋ ಕಡಲೆಗಿಂತ ಮೊದಲು ನೀವೇ ಬೇಯ್ತೀರೋ ಏನೋ,” ಎಂದು ಮುದುಕಿ ಒಳಗೆ ಹೋದಳು. ವಾಡೆಯಲ್ಲಿ ಬಾವಿಗಳು ಹನ್ನೊಂದು, ಏಣಿ ಒಂದೇ. ಹುಡುಗರ ದಂಡು ಅದನ್ನು ಮೇಲೆಳೆದುಕೊಂಡು, ಗುಮಟೆ ಬಾರಿಸುತ್ತ ಮುಂದಿನ ಬಾವಿಗೆ ಕುಣಿದುಕೊಂಡು ಹೋಯಿತು.

ಇಬ್ಬರೂ ಕೂಗಿದರು. ಒಬ್ಬನ ಕೂಗು ಇನ್ನೊಬ್ಬನ ಕೂಗನ್ನು ನುಂಗಿ, ಬಾವಿ ತನಗೆ ತಾನೇ ಗೊಣಗಿಕೊಂಡಂತೆ ಕೇಳಿತು, ಅಷ್ಟೆ. ದೂರದಲ್ಲಿ ಗುಮಟೆ ನಗುತ್ತಿತ್ತು. ಒಂದು ಕಪ್ಪೆ ಬಂದು ಇಸ್ತೆಂವನ ಕಿರೀಟದ ಮೇಲೆ ಕುಳಿತಿತು. ಬೊಸ್ತಿಯಾಂವ್ ನಗಬಾರದೆಂದು ತುಟಿ ಕಚ್ಚಿಕೊಂಡ, ಆಗಲಿಲ್ಲ.

“ನಗ್ತೀಯಾ? ನಗು. ಚಳಿಗೆ ನನ್ನ ಗಂಟಲು ಹೋದ್ರೆ ನಿನಗೇ ತಾನೆ ಹಬ್ಬ.”

ಬೊಸ್ತಿಯಾಂವ್ ತೇಲಿಬಂದ ಎಲೆಯೊಂದನ್ನು ಪಕ್ಕಕ್ಕೆ ತಳ್ಳಿದ. “ಒಂದು ಮಾತು ಹೇಳ್ತೀನಿ, ಹೊಡೀಬೇಡ. ಹೋದ ವರ್ಷ ಮಾತೆಯ ಮುಂದೆ ಮೊಂಬತ್ತಿ ಹಚ್ಚಿದ್ದೆ. ನಿನ್ನ ಗಂಟಲು ಕೆಡಲಿ ಅಂತ.”

“ಯಾವತ್ತು?”

“ಹಬ್ಬದ ಹಿಂದಿನ ಶನಿವಾರ.”

“ಬಲಗಡೆ ಉದ್ದದ್ದು ನಿನ್ನದಾ?” ಇಸ್ತೆಂವನ ಕಣ್ಣು ಅಗಲವಾಯಿತು. “ಅದರ ಬೆಂಕಿಯಿಂದಲೇ ನಾನು ನನ್ನದನ್ನ ಹಚ್ಚಿದ್ದು. ನಿನ್ನ ಗಂಟಲಿಗೆ.”

ಬಾವಿಯ ನೀರು ಕುಲುಕತೊಡಗಿತು. ಇಬ್ಬರೂ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಪ್ಪೆ ಹೆದರಿ ಹಾರಿತು.

“ಪಾಪ ಮಾತೆ. ಯಾರ ಮಾತು ಕೇಳಬೇಕು ಅವಳು?”

“ಯಾರದ್ದೂ ಕೇಳ್ಲಿಲ್ಲ. ಇಬ್ಬರನ್ನೂ ಹಿಡಿದು ಬಾವಿಗೆ ಹಾಕಿದ್ಲು.”

“ಹಾಡೋಣ,” ಎಂದ ಬೊಸ್ತಿಯಾಂವ್. “ಕೂಗು ಕೇಳದವರಿಗೆ ಹಾಡು ಕೇಳ್ಬಹುದು. ಮೇಲ್ದನಿ ನೀನು ಹಿಡಿ. ಅದು ನಿನಗೇ ಚೆನ್ನ. ಅದಕ್ಕೇ ತಾನೆ ನನಗೆ ಉರಿ.”

ಕೆಳದನಿ ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡಿತು. ಮೇಲ್ದನಿ ಅದರ ಮೇಲೆ ಬರಿಗಾಲಲ್ಲಿ ನಡೆದುಬಂತು. ಎರಡನೆಯ ಹೆಸರಿಗೆ ಅಡುಗೆಮನೆಯ ಕಡೆಯಿಂದ ಕಿತೇರಿಯಾ ಮಾಯ್‌ಳ ಉತ್ತರ ಬಂತು: ‘ನಮಗಾಗಿ ಬೇಡಿಕೊ.’ ಐದನೆಯದಕ್ಕೆ ಪಕ್ಕದ ಮನೆಯವರು ಸೇರಿದರು. ಹತ್ತನೆಯದಕ್ಕೆ ಗುಮಟೆ ನಿಂತಿತು. ದಂಡು ಓಡಿ ಬಂದ ಕಾಲಸಪ್ಪಳ ಕೇಳಿತು. ‘ಬಂಗಾರದ ಮನೆಯೇ’ ಮುಗಿದು ‘ಸ್ವರ್ಗದ ಬಾಗಿಲೇ’ ಎಂದು ಹಾಡುತ್ತ ಇಬ್ಬರೂ ಕತ್ತೆತ್ತಿದರೆ, ದುಂಡನೆಯ ಆಕಾಶದ ಸುತ್ತ ಹೂವಿನ ಕಿರೀಟಗಳು. ಎಲ್ಲರೂ ಮಂಡಿಯೂರಿದ್ದರು. ಎಲ್ಲರ ಕಣ್ಣೂ ಮುಚ್ಚಿತ್ತು. ಏಣಿ ಹೊರಗೇ ಕಟ್ಟೆಗೆ ಒರಗಿ ನಿಂತಿತ್ತು.

ನಾಮಾವಳಿಯನ್ನು ನಡುವೆ ನಿಲ್ಲಿಸುವಂತಿಲ್ಲ. ಇಸ್ತೆಂವ್ ಧಾಟಿ ಕೆಡದಂತೆ ಎಳೆದ: “ಪಾಪಿಗಳ ಆಸರೆಯೇ, ಏಣಿಯ ಇಳಿಸಿರೇ...”

“ನಮಗಾಗಿ ಬೇಡಿಕೊ,” ಎಂದಿತು ಊರು, ಭಕ್ತಿಯಿಂದ.

ಕೆಳದನಿಗೆ ನಗು ಬಂದು ಬಿಕ್ಕಳಿಸಿತು, ಆದರೆ ಮುರಿಯಲಿಲ್ಲ. ಕೊನೆಯ ಹೆಸರೂ ಮುಗಿದು, ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡು, ಮೂಗೊರೆಸಿಕೊಂಡು ಎದ್ದ ಮೇಲೆಯೇ ಏಣಿ ಇಳಿಯಿತು.

ಇಳಿದದ್ದೇ ತಡ, ಇಬ್ಬರೂ ಒಟ್ಟಿಗೆ ಅದಕ್ಕೆ ಹಾರಿದರು.

“ಬಿಡು, ಮೊದಲು ನಾನು ಹತ್ತಬೇಕು. ಕೆಳದನಿ ನನ್ನದು.”

“ಮೇಲ್ದನಿ ಈಗಷ್ಟೇ ಹಾಡಿದೆನಲ್ಲ, ಸಾಕು. ಸೋಲೋದು ನಾನು. ಕಾಲು ತೆಗಿ, ಕುಂಪಾರ್.”

“ನೀನು ತೆಗಿ, ಕುಂಪಾರ್.”

ಕೆಳಗಿನ ಬಿದಿರಿನ ಮೆಟ್ಟಿಲ ಮೇಲೆ ನಾಲ್ಕು ಕಾಲು ಬಿದ್ದವು. ಲಟಕ್ಕೆಂದಿತು. ಏಣಿ ಎರಡು ಸೀಳಾಗಿ, ಇಬ್ಬರೂ ಬೆನ್ನಡಿಯಾಗಿ ನೀರಿಗೆ ಬಿದ್ದರು. ಮುಳುಗಿದವರು ಏಳುವ ಮೊದಲೇ ಎರಡು ಹೂವಿನ ಕಿರೀಟಗಳು ತೇಲಿಬಂದು ಒಂದಕ್ಕೊಂದು ಅಂಟಿಕೊಂಡು ನಿಧಾನಕ್ಕೆ ತಿರುಗತೊಡಗಿದವು.

ಕಿತೇರಿಯಾ ಮಾಯ್ ಕಟ್ಟೆಯ ಮೇಲೆ ಮೊಣಕೈ ಊರಿ ಬಗ್ಗಿದಳು. “ಪಕ್ಕದೂರಿಂದ ಏಣಿ ಬರಬೇಕು, ಹೊತ್ತಾಗ್ತದೆ,” ಎಂದಳು. “ಅಲ್ಲೀವರೆಗೆ ಇನ್ನೊಂದು ಸಲ ಹಾಡ್ರಪ್ಪ. ಈ ಸಲ ದನಿ ಅದಲುಬದಲು ಮಾಡ್ಕೊಂಡು.”