ಮೆಣಸಿನಕಾಯಿಯ ಘಾಟು

ಬೆಳಗಿನ ಮಾತ್ರೆ ನುಂಗುವಾಗ ಒಗ್ಗರಣೆಯ ಮೆಣಸಿನಕಾಯಿ ಸೀದ ವಾಸನೆ ಬಂದರೆ, ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಒಂದು ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಸಾರಿಗೆ ಉಪ್ಪು ಕಡಿಮೆಯೆಂದು ಅಪ್ಪ ಎಸೆದ ತಟ್ಟೆ ಅವ್ವನ ಹುಬ್ಬಿಗೆ ತಗುಲಿತ್ತು. ಎಸೆದಾದ ಮೇಲೆ ಅಪ್ಪ ಎಂದಿನಂತೆ ಗೋಡೆಗೊರಗಿ ಕೂತು, ಬೇರೆ ಯಾರದೋ ಕೈಯೇನೋ ಎಂಬಂತೆ ತನ್ನ ಬಲಗೈಯನ್ನು ನೋಡುತ್ತಿದ್ದ. ಅವನ ಮುದ್ದೆ ನೆಲಕ್ಕೆ ಅಂಟಿತ್ತು. ನಾನು ನನ್ನದನ್ನು ಉಂಡು ಮುಗಿಸಿದೆ.

“ಯಾರ್ದೋ ಕೆಟ್ ಕಣ್ ಬಿದ್ದದೆ ನನ್ ಮಗಂಗೆ,” ಎನ್ನುತ್ತ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ಘಾಟು ನಡುಮನೆಯನ್ನೆಲ್ಲ ತುಂಬಿತು. ನಾನೂ ಅವ್ವನೂ ಕೆಮ್ಮಿದೆವು. ಅಜ್ಜಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ನೋಡು, ಒಸಿನೂ ಘಾಟಿಲ್ಲ,” ಅಂದಳು.

ಅವ್ವ ಹುಬ್ಬಿಗೆ ಅರಿಶಿನ ಒತ್ತಿಕೊಂಡಿದ್ದಳು. “ಘಾಟು ಬತ್ತಾದೆ ಕಣತ್ತೆ. ಇದು ದಿಷ್ಟಿಯಲ್ಲ, ಕಾಯ್ಲೆ. ಮೈಸೂರ್ ಡಾಕ್ಟ್ರು ಕ್ವಾಪಕ್ಕೂ ಮಾತ್ರೆ ಅವೆ ಅಂದವ್ರೆ.”

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮಗನತ್ತ ತಿರುಗಿದಳು. “ನೀನೇ ಹೇಳ್ಲಾ, ಘಾಟು ಬತ್ತಾದಾ?”

ಅಪ್ಪ ಕೈಯಿಂದ ಕಣ್ಣೆತ್ತಲಿಲ್ಲ.

“ಬತ್ತಾದೆ ಕಣವ್ವ,” ಅಂದ.