ಅಬ್ಬಾಸಾಕನ ಮೈಲೇಜ್

ಜೀಪು ಕೊಳ್ಳಲು ಬಂದ ಜಯಪ್ರಕಾಶ ಟಯರ್ ನೋಡಲಿಲ್ಲ, ಅಡಿಗೆ ಬಗ್ಗಿ ತುಕ್ಕು ಎಷ್ಟು ಹಿಡಿದಿದೆ ಎಂದೂ ನೋಡಲಿಲ್ಲ. ನೇರವಾಗಿ ಬಾನೆಟ್ ಎತ್ತಿ, ಕಳೆದುಹೋದ ಉಂಗುರ ಹುಡುಕುವವನ ಹಾಗೆ ಎಂಜಿನ್ನಿನ ಸಂದಿಸಂದಿಗೆ ಕಣ್ಣು ಹಾಯಿಸತೊಡಗಿದ. ಜಗಲಿಯಲ್ಲಿ ಬಲಗಾಲು ನೀಡಿಕೊಂಡು ಕುಳಿತಿದ್ದ ಅಬ್ಬಾಸನಿಗೆ ಅಷ್ಟರಲ್ಲೇ ವಿಷಯ ಗೊತ್ತಾಯಿತು. ಇವನೂ ಅದಕ್ಕೇ ಬಂದವನು.

"ಅಬ್ಬಾಸಾಕ, ಆ ಐಟಂ ಎಲ್ಲುಂಟು?"

"ಯಾವ ಐಟಂ?"

"ಗೊತ್ತಿಲ್ಲದವರ ಹಾಗೆ ಮಾಡಬೇಡಿ ಮಾರಾಯ್ರೆ. ಲೀಟರಿಗೆ ಮೂವತ್ತು ಕೊಡ್ತಿತ್ತಲ್ಲ, ಅದು. ನಮ್ಮ ಸಿದ್ಧಕಟ್ಟೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು."

ಮಕ್ಕಳಿಗೆ ಗೊತ್ತಿತ್ತು, ಮುದುಕರಿಗೆ ಗೊತ್ತಿತ್ತು, ಗೊತ್ತಿಲ್ಲದಿದ್ದದ್ದು ಅಬ್ಬಾಸನಿಗೆ ಮಾತ್ರ. ತೊಂಬತ್ತೆರಡರ ಸುಮಾರಿಗೆ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಸರ್ವಿಸ್ ಬಿಡುತ್ತಿದ್ದಾಗ, ಉಳಿದ ಜೀಪುಗಳು ಎರಡು ಸಲ ಬಂಕಿಗೆ ಹೋದರೆ ಅವನದು ಒಂದು ಸಲ ಹೋಗುತ್ತಿತ್ತು. ಏನೋ ಯಂತ್ರ ಕೂರಿಸಿದ್ದಾನೆ ಎಂದು ಸ್ಟ್ಯಾಂಡಿನ ಲೋಕಯ್ಯ ತಮಾಷೆಗೆ ಹೇಳಿದ. ಆ ವಾರವೇ ಬೊಂಬಾಯಿ ನಂಬರಿನ ಬಿಳಿ ಕಾರೊಂದು ಮೂಡುಬಿದಿರೆಯ ಬಸದಿಗೆ ದಾರಿ ಕೇಳಿ, ಅಬ್ಬಾಸನನ್ನೇ ಹತ್ತಿಸಿಕೊಂಡು ಹೋಯಿತು. ಅಷ್ಟೇ ಸಾಕಾಯಿತು. ಅವನು ತಿರುಗಿ ಬರುವುದರೊಳಗೆ ಊರವರ ಬಾಯಲ್ಲಿ ಎಣ್ಣೆ ಕಂಪೆನಿಯವರು ಬಂದದ್ದೂ ಆಗಿತ್ತು, ಬಾಯಿ ಮುಚ್ಚಿಸಲು ಹಣ ಕೊಟ್ಟದ್ದೂ ಆಗಿತ್ತು. ಕಾರಿನವರು ಒಂದು ಚಾ ಕುಡಿಸಿದ್ದು ಬಿಟ್ಟರೆ ಬೇರೇನೂ ಇಲ್ಲ ಎಂದು ಅಬ್ಬಾಸ್ ಆಣೆ ಹಾಕಿದಷ್ಟೂ ಜನ ಕಣ್ಣು ಮಿಟುಕಿಸಿದರು. ಅವತ್ತಿನಿಂದ ಇವತ್ತಿನವರೆಗೆ ಮದುವೆಗೆ ಹೋದರೂ ಅದೇ ಮಾತು, ಸತ್ತವರ ಮನೆಗೆ ಮಯ್ಯತ್ತಿಗೆ ಹೋದರೂ ಅದೇ ಮಾತು.

"ನೋಡು ಮಗ, ಯಂತ್ರ ಇಲ್ಲ, ಮಣ್ಣೂ ಇಲ್ಲ," ಎಂದ ಅಬ್ಬಾಸ್. ಈ ಉತ್ತರವನ್ನು ಹೇಳಿ ಹೇಳಿ ಅವನಿಗೇ ಅದು ಬಾಯಿಪಾಠದ ಹಾಗೆ ಕೇಳಿಸುತ್ತಿತ್ತು. "ಇಳಿಜಾರು ಕಂಡಲ್ಲೆಲ್ಲ ಎಂಜಿನ್ ಆಫ್ ಮಾಡ್ತಿದ್ದೆ. ನ್ಯೂಟ್ರಲ್‌ನಲ್ಲಿ, ಬ್ರೇಕ್ ಮೇಲೆಯೇ ಇಳಿಸುವುದು. ಮಾಡಬಾರದ ಕೆಲಸ ಅದು. ಯಾರ ಜೀವವೂ ಹೋಗಲಿಲ್ಲ, ಅದು ಅಲ್ಲಾಹನ ದಯೆ. ಡೀಸೆಲ್ ಉಳಿಯಿತು, ಈ ಮೊಣಕಾಲು ಹೋಯಿತು. ಇನ್ನು ಬ್ರೇಕ್ ಒತ್ತಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಮಾರುವುದು."

ಜಯಪ್ರಕಾಶ ನಕ್ಕ. "ಹೀಗೆ ಹೇಳಲಿಕ್ಕೆ ಕಂಪೆನಿಯವರೇ ಕಲಿಸಿದ್ದಾ?"

ಝೈನಬ್ ಚಾ ತಂದಿಟ್ಟು, ಒಳಗೆ ಹೋಗದೆ ಬಾಗಿಲ ಹತ್ತಿರವೇ ನಿಂತಳು. ಬೆಳಿಗ್ಗೆ ಗಂಡನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಅವಳು ಹೇಳಿದ್ದಳು: "ಇವನಾದರೂ ತೆಗೆದುಕೊಂಡರೆ ನಾಳೆಯಿಂದ ನೀವು ಮನೆಯಲ್ಲಿ ಕೂತ್ಕೊಳ್ಬಹುದು. ಅವನು ಏನು ಕೇಳಿದರೂ ಹೂಂ ಅನ್ನಿ."

"ರಬ್ಬರ್ ಶೀಟು ಸಾಗಿಸಲಿಕ್ಕೆ ನನಗೆ ಒಂದು ಗಾಡಿ ಬೇಕೇ ಬೇಕು," ಎಂದ ಜಯಪ್ರಕಾಶ. "ಐಟಂ ಸಮೇತ ಕೊಡುವುದಾದರೆ ನೀವು ಹೇಳಿದ ರೇಟು, ಚರ್ಚೆಯೇ ಇಲ್ಲ. ಅದು ಇಲ್ಲದೆ ಈ ತಗಡು ಕಟ್ಟಿಕೊಂಡು ನಾನೇನು ಮಾಡಲಿ? ಉಂಟು ಅಂತ ಒಂದು ಮಾತು ಹೇಳಿ, ಸಾಕು. ಎಲ್ಲಿ ಉಂಟು ಅಂತ ನಾನೇ ಹುಡುಕಿಕೊಳ್ತೇನೆ."

ಒಂದು ಹೂಂ ಅಂದರೆ ಮುಗಿಯುತ್ತಿತ್ತು. ಅಬ್ಬಾಸ್ ಹೆಂಡತಿಯ ಮುಖ ನೋಡಿದ, ಹುಡುಗನ ಮುಖ ನೋಡಿದ. ಇಲ್ಲದ್ದನ್ನು ಹುಡುಕುತ್ತ ಇವನು ಎಂಜಿನ್ ಬಿಚ್ಚಿ ಅಂಗಳದಲ್ಲಿ ಹರಡಿಕೊಂಡು ಕೂರುವುದು ಕಣ್ಣಿಗೆ ಕಟ್ಟಿತು. ಅವನಿಗೆ ಪಾಪ ಅನ್ನಿಸಿತು.

"ಇಲ್ಲ," ಎಂದ.

"ಆಯ್ತು, ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ. ಸೈನ್ ಹಾಕಿಸಿಕೊಂಡಿರ್ತಾರೆ." ಜಯಪ್ರಕಾಶ ಚಾ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ. ಝೈನಬ್ ಲೋಟ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಅಬ್ಬಾಸನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಮಗ್ರಿಬ್ ನಮಾಜು ಮುಗಿಸಿ ಅಬ್ಬಾಸ್ ಲಾಯಿಲದ ಏರುದಾರಿಯಲ್ಲಿ ಕುಂಟುತ್ತ ಬಂದಾಗ ಅಂಗಳದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಜೀಪಿನ ಬಾನೆಟ್ ಮತ್ತೆ ತೆರೆದಿತ್ತು. ಮದುವೆಯಾದಂದಿನಿಂದ ಒಮ್ಮೆಯೂ ಎಂಜಿನ್ ಕಡೆ ತಿರುಗಿ ನೋಡದ ಝೈನಬ್, ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು, ಮೊಣಕೈವರೆಗೆ ಒಳಗೆ ಕೈ ಹಾಕಿ ತಡಕಾಡುತ್ತಿದ್ದಳು. ಬೆರಳೆಲ್ಲ ಕಪ್ಪಾಗಿತ್ತು.

"ನಾನು ಯಾರಿಗೂ ಹೇಳುವುದಿಲ್ಲ," ಎಂದಳು, ತಿರುಗದೆ. "ನನ್ನ ಹತ್ತಿರವಾದರೂ ಹೇಳಿ. ಎಲ್ಲಿಟ್ಟಿದ್ದೀರಿ ಅದನ್ನು?"

ಇಷ್ಟು ವರ್ಷ ಇವಳ ಮುಂದೆ ಎಷ್ಟು ಸಲ ಇಳಿಜಾರಿನ ಕಥೆ ಹೇಳಿದ್ದ! ಪ್ರತಿ ಸಲವೂ ಹೌದು ಹೌದು ಅಂದಿದ್ದಳು. ಹಾಗಾದರೆ ಇವಳೂ ನಂಬಿರಲಿಲ್ಲ. ಅಬ್ಬಾಸನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಾಕಾಗಿಹೋಗಿತ್ತು. ಮಡ್‌ಗಾರ್ಡಿಗೆ ಒರಗಿ ನಿಂತ.

"ಅದು ಇಲ್ಲಿಲ್ಲ," ಎಂದ. "ಕಂಪೆನಿಯವರು ಆವತ್ತೇ ಕೊಂಡುಹೋದರು."

ಝೈನಬ್ ಕೈ ಹೊರಗೆ ತೆಗೆದಳು. ಅವಳ ಮುಖದ ಗಂಟು ಸಡಿಲವಾಯಿತು. ಬಾನೆಟ್ಟನ್ನು ಮೆಲ್ಲನೆ ಇಳಿಸಿ, ಬೆರಳು ಒರೆಸಿಕೊಳ್ಳುತ್ತ ಗಂಡನನ್ನು ನೋಡಿದಳು. ಅಂತೂ ಮುಗಿಯಿತು ಎಂದುಕೊಂಡ ಅಬ್ಬಾಸ್. ಅಷ್ಟರಲ್ಲಿ ಅವಳ ನೋಟ ಅವನ ಊದಿದ ಮೊಣಕಾಲಿಗೆ ಇಳಿಯಿತು, ಕಣ್ಣು ತುಂಬಿಕೊಂಡಿತು.

"ಅಷ್ಟು ಹಣ ಇಟ್ಟುಕೊಂಡು, ಇಷ್ಟು ವರ್ಷ ಈ ಕಾಲಲ್ಲಿ ಯಾಕೆ ಜೀಪು ಬಿಟ್ಟದ್ದು ನೀವು?"